ಮಾಧ್ಯಮಿಕ ಶಾಲೆಯ ಮಕ್ಕಳಿಗೆ ವಿದ್ಯುನ್ಮಾನ ಮತ್ತು ಗಣಕಜಾಲದ ಪ್ರವೇಶ

ಒಂದು ಕಾಲಕ್ಕೆ ಹಳ್ಳಿಯ ಬಾಲಕನಿಗೆ ತನ್ನ ಸುತ್ತಲಿನ ಸಾಧನಗಳ ಒಳಗುಟ್ಟು ಬರಿಗಣ್ಣಿಗೇ ಗೋಚರವಾಗುತ್ತಿತ್ತು. ಎತ್ತುಗಳು ಇಳಿಜಾರಿನಲ್ಲಿ ಮುಂದೆ ನಡೆದರೆ ಕಪಿಲೆಯ ಹಗ್ಗವು ಬಾವಿಯ ನೀರನ್ನು ಮೇಲೆತ್ತುವುದನ್ನು ಅವನು ನಿಂತು ನೋಡುತ್ತಿದ್ದನು. ಸೈಕಲ್ಲಿನ ಪೆಡಲನ್ನು ತುಳಿದರೆ ಸರಪಳಿಯು ಹಿಂದಿನ ಗಾಲಿಯನ್ನು ತಿರುಗಿಸುವ ಬಗೆಯನ್ನು ಯಾರೂ ಅವನಿಗೆ ಪಾಠ ಹೇಳಬೇಕಾಗಿರಲಿಲ್ಲ. ಸರಪಳಿ ಕಳಚಿದರೆ ತಾನೇ ಕೈಗೆ ಮಸಿ ಮಾಡಿಕೊಂಡು ಏರಿಸುತ್ತಿದ್ದನು. ಬಳಕೆಯೂ ತಿಳಿವಳಿಕೆಯೂ ಅಲ್ಲಿ ಒಂದನ್ನೊಂದು ಅಗಲಿರಲಿಲ್ಲ.

ಇಂದಿನ ಮಗುವಿನ ಸ್ಥಿತಿ ಬೇರೆ. ಅಂಗೈಯಗಲದ ದೂರವಾಣಿಯಲ್ಲಿ ಅದು ಪರದೇಶದಲ್ಲಿರುವ ಸೋದರಮಾವನ ಮುಖವನ್ನು ನೋಡಿ ಮಾತನಾಡುತ್ತದೆ. ಎಲ್ಲಿ ಒತ್ತಬೇಕೆಂಬುದನ್ನು ಅದು ಹಿರಿಯರಿಗಿಂತ ಚೆನ್ನಾಗಿ ಬಲ್ಲದು. ಒತ್ತಿದ ಬಳಿಕ ಏನಾಗುತ್ತದೆಂಬುದನ್ನು ಮಾತ್ರ ಅರಿಯದು. ಆ ಸಾಧನಕ್ಕೆ ಕಳಚುವ ಸರಪಳಿಯೂ ಇಲ್ಲ, ತೆರೆದು ನೋಡುವ ಮುಚ್ಚಳವೂ ಇಲ್ಲ. ತಾನು ದಿನವೂ ಕೈಯಲ್ಲಿ ಹಿಡಿಯುವ ವಸ್ತುವಿಗೆ ತಾನೇ ಅಪರಿಚಿತನಾಗಿ ಬೆಳೆಯುವ ಪೀಳಿಗೆಯು ಕೊಳ್ಳುವುದರಲ್ಲಿ ಜಾಣತನ ತೋರೀತು. ಕಟ್ಟುವುದರಲ್ಲಿ, ಕೆಟ್ಟುದನ್ನು ಸರಿಪಡಿಸುವುದರಲ್ಲಿ, ಮೋಸವನ್ನು ಗುರುತಿಸುವುದರಲ್ಲಿ ಪರಾವಲಂಬಿಯಾಗಿಯೇ ಉಳಿದೀತು. ಈ ಕಂದರಕ್ಕೆ ಸೇತುವೆ ಕಟ್ಟಬೇಕಾದುದು ಶಾಲೆಯ ಕರ್ತವ್ಯ. ಅದಕ್ಕೆ ತಕ್ಕ ವಯಸ್ಸು ೬ರಿಂದ ೮ನೆಯ ತರಗತಿಯವರೆಗಿನದು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಗಣಕಕ್ಕೆ ಕ್ರಮವಿಧಿ ಬರೆಯುವ ಚಟುವಟಿಕೆಗಳನ್ನು ಈ ಹಂತದಲ್ಲಿಯೇ ಆರಂಭಿಸಬೇಕೆಂದು ಹೇಳಿದೆ.

ಆದರೆ ಹೇಗೆ ಆರಂಭಿಸಬೇಕು? ಅನೇಕ ಶಾಲೆಗಳಲ್ಲಿ ನಡೆದಿರುವುದು ಇಷ್ಟು: ಒಂದು ಕೊಠಡಿ ಸಿದ್ಧವಾಗುತ್ತದೆ, ಗಣಕಯಂತ್ರಗಳು ಬರುತ್ತವೆ, ಉದ್ಘಾಟನೆ ನೆರವೇರುತ್ತದೆ, ಅನಂತರ ಯಂತ್ರಗಳ ಮೇಲೆ ಬಟ್ಟೆ ಹೊದಿಸಿ ಬಾಗಿಲಿಗೆ ಬೀಗ ಹಾಕಲಾಗುತ್ತದೆ. ಮಕ್ಕಳು ಇಂಗ್ಲಿಷ್ ಸಂಕ್ಷೇಪಾಕ್ಷರಗಳ ವಿಸ್ತಾರವನ್ನು ಬಾಯಿಪಾಠ ಮಾಡಿ ಅಂಕ ಗಳಿಸುತ್ತಾರೆ. ಇದು ಈಜನ್ನು ಕರಿಹಲಗೆಯ ಮೇಲೆ ಕಲಿಸಿದಂತೆ. ಗಣಕಜಾಲವನ್ನು ಅರಿಯಲು ಮೊದಲು ಬೇಕಾದುದು ಗಣಕವಲ್ಲ. ಮಂಡಲ, ಸಂಕೇತ, ಒಡಂಬಡಿಕೆ ಎಂಬ ಮೂರು ಮೆಟ್ಟಿಲುಗಳನ್ನು ಮಗುವು ತನ್ನ ಕೈಯಿಂದಲೇ ಮುಟ್ಟಿ ಏರಬೇಕು. ಆ ಬಳಿಕ ಯಂತ್ರದ ಮುಂದೆ ಕುಳಿತಾಗ ಅದಕ್ಕೆ ಯಾವುದೂ ಮಾಯೆಯಾಗಿ ತೋರದು.

ಮೊದಲ ಮೆಟ್ಟಿಲು: ಮಂಡಲ

ಆರನೆಯ ತರಗತಿಯ ಮಗುವಿನ ಕೈಗೆ ಟಾರ್ಚಿನ ಒಂದು ಸೆಲ್ಲು, ಒಂದು ಚಿಕ್ಕ ಬಲ್ಬು, ಒಂದು ತುಂಡು ತಂತಿ ಇವಿಷ್ಟನ್ನು ಕೊಟ್ಟು ದೀಪವನ್ನು ಹೊತ್ತಿಸೆಂದು ಹೇಳಬೇಕು, ಚಿತ್ರವನ್ನು ತೋರಿಸಬಾರದು. ಬಹುಪಾಲು ಮಕ್ಕಳು ಸೆಲ್ಲಿನ ಒಂದು ತುದಿಯಿಂದ ಬಲ್ಬಿನ ಬುಡಕ್ಕೆ ತಂತಿ ತಾಗಿಸಿ ಕಾಯುತ್ತಾರೆ. ಕೊಳವೆಯಲ್ಲಿ ನೀರು ಹರಿದು ಬರುವಂತೆ ವಿದ್ಯುತ್ತು ಒಂದು ಕಡೆಯಿಂದ ಬಂದು ಸೇರುತ್ತದೆಂಬುದು ಅವರ ಎಣಿಕೆ. ದೀಪ ಹೊತ್ತುವುದಿಲ್ಲ. ಹೊರಟ ದಾರಿಯು ಮರಳಿ ಹೊರಟಲ್ಲಿಗೇ ಬಂದು ಕೂಡಿದಾಗ ಮಾತ್ರ ವಿದ್ಯುತ್ತು ಹರಿಯುತ್ತದೆಂಬ ಸತ್ಯವು, ತಾನೇ ತಪ್ಪಿ ತಾನೇ ತಿದ್ದಿಕೊಂಡ ಮಗುವಿನ ಮನಸ್ಸಿನಲ್ಲಿ ಆಜೀವವೂ ನಿಲ್ಲುತ್ತದೆ. ವಿದ್ಯುನ್ಮಂಡಲವೆಂಬ ಹೆಸರನ್ನು ಆಗ ಹೇಳಿದರೆ ಸಾಕು.

ಅದೇ ಮಂಡಲವನ್ನು ಒಂದು ಕಡೆ ಕತ್ತರಿಸಿ, ನಡುವೆ ಕೀಲಿಕೈ, ಸೀಮೆಸುಣ್ಣ, ರಬ್ಬರು, ಪೆನ್ಸಿಲಿನ ಒಳಗಿನ ಕಡ್ಡಿ ಮುಂತಾದವನ್ನು ಒಂದೊಂದಾಗಿ ಇಡಿಸಿದರೆ ವಾಹಕ ಮತ್ತು ಅವಾಹಕಗಳ ಪಟ್ಟಿಯನ್ನು ಮಕ್ಕಳೇ ಸಿದ್ಧಪಡಿಸುತ್ತಾರೆ. ಪೆನ್ಸಿಲಿನ ಕಡ್ಡಿಯು ಲೋಹವಲ್ಲದಿದ್ದರೂ ಅದರಲ್ಲಿರುವ ಗ್ರಾಫೈಟಿನಿಂದಾಗಿ ವಿದ್ಯುತ್ತನ್ನು ಹರಿಯಗೊಡುವುದು ಅವರಿಗೆ ಮೊದಲ ಬೆರಗು.

ಎರಡನೆಯ ಬೆರಗು ಎಲ್‌ಇಡಿ ದೀಪ. ಅದಕ್ಕೆ ಎರಡು ಕಾಲುಗಳು. ಉದ್ದನೆಯದು ಧನ, ಗಿಡ್ಡನೆಯದು ಋಣ. ತಿರುಗುಮುರುಗಾಗಿ ಜೋಡಿಸಿದರೆ ಅದು ಉರಿಯುವುದಿಲ್ಲ. ಏಕೆಂದರೆ ಅದು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಒಂಬತ್ತು ವೋಲ್ಟಿನ ಬ್ಯಾಟರಿಗೆ ನೇರವಾಗಿ ಜೋಡಿಸಿದರೆ ಸುಟ್ಟುಹೋಗುತ್ತದೆ. ಇಲ್ಲಿ ಗಣಿತವು ಕೆಲಸಕ್ಕೆ ಬರುತ್ತದೆ. ಕೆಂಪು ಎಲ್‌ಇಡಿಗೆ ಸುಮಾರು ೨ ವೋಲ್ಟು ಸಾಕು; ಉಳಿದ ೭ ವೋಲ್ಟನ್ನು ರೋಧಕವು, ಅಂದರೆ ಅಂಗಡಿಯಲ್ಲಿ ರೆಸಿಸ್ಟರ್ ಎಂದು ಕೇಳಿ ಪಡೆಯುವ ವಸ್ತುವು, ತಾಳಿಕೊಳ್ಳಬೇಕು. ವಿದ್ಯುತ್ಪ್ರವಾಹವು ೨೦ ಮಿಲಿ ಆಂಪೇರನ್ನು ಮೀರಬಾರದೆಂದರೆ ೭ನ್ನು ೦.೦೨ರಿಂದ ಭಾಗಿಸಿ ೩೫೦ ಓಮ್ ಎಂಬ ಉತ್ತರ ದೊರೆಯುತ್ತದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ೪೭೦ ಓಮಿನ ರೋಧಕವನ್ನು ಹಾಕಿದರೆ ದೀಪವು ನಿಶ್ಚಿಂತೆಯಿಂದ ಉರಿಯುತ್ತದೆ. ಜರ್ಮನಿಯ ಜಾರ್ಜ್ ಓಮ್ ೧೮೨೭ರಲ್ಲಿ ಪ್ರಕಟಿಸಿದ ನಿಯಮವು ಹೀಗೆ ಒಂದು ದೀಪದ ಪ್ರಾಣವನ್ನು ಉಳಿಸಿತೆಂದು ಕಂಡ ಮಗುವಿಗೆ ಭಾಗಾಕಾರದ ಲೆಕ್ಕವು ಬೇಸರ ತರಿಸದು.

ವಿದ್ಯುತ್ತು ದುಡಿಯುವುದು ಬೇರೆ, ವಿದ್ಯುತ್ತನ್ನು ವಿದ್ಯುತ್ತೇ ಆಳುವುದು ಬೇರೆ. ಈ ಎರಡನೆಯದೇ ವಿದ್ಯುನ್ಮಾನ ಶಾಸ್ತ್ರದ ಹೃದಯ. ಕೆರೆಯ ತೂಬನ್ನು ಒಬ್ಬನ ಕೈ ಕೊಂಚ ಎತ್ತಿದರೆ ಇಡೀ ಗದ್ದೆಯ ಬಯಲಿಗೆ ನೀರು ಹರಿಯುತ್ತದೆ. ಎತ್ತಿದ ಬಲ ಅಲ್ಪ, ಹರಿದ ನೀರು ಅಪಾರ. ಟ್ರಾನ್ಸಿಸ್ಟರ್ ಎಂಬುದು ಅಂತಹದೊಂದು ತೂಬು. ೧೯೪೭ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಬಾರ್ಡೀನ್ ಮತ್ತು ಬ್ರಾಟನ್ ಅದನ್ನು ಮೊದಲು ಸಾಧಿಸಿ ತೋರಿಸಿದರು. ಅವರಿಬ್ಬರಿಗೂ ಶಾಕ್ಲಿಯವರಿಗೂ ೧೯೫೬ರ ನೊಬೆಲ್ ಪಾರಿತೋಷಕವು ಸಂದಿತು. ಅದಕ್ಕೆ ಮುನ್ನ ೧೯೪೬ರಲ್ಲಿ ಲೋಕದ ಮುಂದೆ ಬಂದ ಎನಿಯಾಕ್ ಎಂಬ ಗಣಕದಲ್ಲಿ ೧೭,೦೦೦ಕ್ಕೂ ಹೆಚ್ಚು ನಿರ್ವಾತ ಕೊಳವೆಗಳಿದ್ದು ಅದು ಒಂದು ದೊಡ್ಡ ಸಭಾಂಗಣವನ್ನೇ ತುಂಬಿಕೊಂಡಿತ್ತು. ಇಂದು ಉತ್ತಮ ದರ್ಜೆಯ ದೂರವಾಣಿಯ ಉಗುರಿನಷ್ಟಗಲದ ಚಿಪ್ಪಿನಲ್ಲಿ ಒಂದು ಸಾವಿರ ಕೋಟಿಗೂ ಮೀರಿದ ಟ್ರಾನ್ಸಿಸ್ಟರುಗಳಿವೆ.

ಶಾಲೆಯ ಮಗುವಿಗೆ ಅಂತಹ ಒಂದೇ ಒಂದು ತೂಬು ಸಾಕು. ಬಿಸಿ ೫೪೭ ಎಂಬ ಅಗ್ಗದ ಟ್ರಾನ್ಸಿಸ್ಟರು, ಒಂದು ಎಲ್‌ಇಡಿ, ಒಂದು ರೋಧಕ, ಒಂಬತ್ತು ವೋಲ್ಟಿನ ಬ್ಯಾಟರಿ ಇವುಗಳಿಂದ ಮಂಡಲವನ್ನು ಕಟ್ಟಿ, ಬ್ಯಾಟರಿಯ ಧನ ತುದಿಯ ತಂತಿಯನ್ನೂ ಟ್ರಾನ್ಸಿಸ್ಟರಿನ ನಡುಗಾಲಿನ ತಂತಿಯನ್ನೂ ತೇವವಾದ ಬೆರಳಿನಿಂದ ಒಟ್ಟಿಗೆ ಮುಟ್ಟಿದರೆ ದೀಪವು ಬೆಳಗುತ್ತದೆ. ಬೆರಳಿನ ಮೂಲಕ ಹರಿದ, ತನಗೆ ತಿಳಿಯದಷ್ಟು ಸೂಕ್ಷ್ಮವಾದ ಪ್ರವಾಹವು ದೀಪದ ಪ್ರವಾಹವನ್ನು ಆಳಿತೆಂಬುದನ್ನು ಮಗು ಕಾಣುತ್ತದೆ. ಇಷ್ಟೇ ಖಂಡಿತವಾಗಿ ಹೇಳಬೇಕಾದ ಇನ್ನೊಂದು ಮಾತುಂಟು: ಈ ಪ್ರಯೋಗಗಳೆಲ್ಲ ಬ್ಯಾಟರಿಯವು. ಗೋಡೆಯ ಪ್ಲಗ್ಗಿನ ೨೩೦ ವೋಲ್ಟು ಪ್ರಾಣಾಂತಕವಾದುದು; ಅದರ ಬಳಿಗೆ ಯಾವ ಮಗುವೂ ತಂತಿಯನ್ನು ಒಯ್ಯಕೂಡದು. ಈ ಎಚ್ಚರಿಕೆಯನ್ನು ಪ್ರತಿ ಪಾಠದ ಮೊದಲಲ್ಲಿಯೂ ಹೇಳಬೇಕು.

ಎರಡನೆಯ ಮೆಟ್ಟಿಲು: ಸಂಕೇತ

ದೀಪವು ಹೊತ್ತಿರಬಹುದು, ಇಲ್ಲವೆ ಆರಿರಬಹುದು. ಮೂರನೆಯ ಸ್ಥಿತಿ ಇಲ್ಲ. ಈ ಎರಡೇ ಸ್ಥಿತಿಗಳಿಂದ ಜಗತ್ತಿನ ಮಾತನ್ನೆಲ್ಲ ಹೇಳಬಹುದೇ ಎಂಬ ಪ್ರಶ್ನೆಗೆ ಉತ್ತರವು ವಿಜ್ಞಾನದ ಕೊಠಡಿಗಿಂತ ಮೊದಲು ಕನ್ನಡದ ತರಗತಿಯಲ್ಲಿ ದೊರೆಯುತ್ತದೆ. ಪದ್ಯಕ್ಕೆ ಪ್ರಸ್ತಾರ ಹಾಕುವಾಗ ವಿದ್ಯಾರ್ಥಿಯು ಅಕ್ಷರಗಳನ್ನು ಲಘು, ಗುರು ಎಂಬ ಎರಡೇ ಗುರುತುಗಳಲ್ಲಿ ಬರೆಯುತ್ತಾನೆ. ಮೂರಕ್ಷರಗಳ ಗಣಗಳು ಎಂಟೇ ಏಕೆ, ಒಂಬತ್ತೇಕಿಲ್ಲ? ಒಂದೊಂದು ಸ್ಥಾನಕ್ಕೂ ಎರಡು ಆಯ್ಕೆ; ಎರಡೆರಡಲಿ ನಾಲ್ಕು, ನಾಲ್ಕೆರಡಲಿ ಎಂಟು.

ಗುರುವಿಗೆ ೦, ಲಘುವಿಗೆ ೧ ಎಂದಿಟ್ಟುಕೊಂಡು, ಎಡದ ಸ್ಥಾನಕ್ಕೆ ೧, ನಡುವಣದಕ್ಕೆ ೨, ಬಲದ ಸ್ಥಾನಕ್ಕೆ ೪ ಎಂದು ಬೆಲೆ ಕಟ್ಟಿದರೆ ಸೋಜಿಗದ ಫಲವೊಂದು ಕಾಣುತ್ತದೆ. ಮೂರೂ ಗುರುಗಳಾದ ಮಗಣದ ಬೆಲೆ ೦; ಯಗಣ ೧, ರಗಣ ೨, ಸಗಣ ೩, ತಗಣ ೪, ಜಗಣ ೫, ಭಗಣ ೬; ಮೂರೂ ಲಘುಗಳಾದ ನಗಣ ೭. ಪಿಂಗಳನ ಪರಂಪರೆಯ ಪ್ರಸ್ತಾರಕ್ರಮವೂ ಇದೇ. ಇದರಿಂದ ಪಿಂಗಳನು ಗಣಕಯಂತ್ರವನ್ನು ಕಂಡಿದ್ದನೆಂದು ಸಾರುವುದು ಸರಿಯಲ್ಲ. ಅವನು ಕಂಡುದು ಛಂದಸ್ಸನ್ನು. ಎರಡೇ ಗುರುತುಗಳನ್ನು ಕ್ರಮವರಿತು ಜೋಡಿಸಿದರೆ ಎಷ್ಟು ಬಗೆಗಳು ಹುಟ್ಟುತ್ತವೆಂಬ ಲೆಕ್ಕವು ಛಂದಸ್ಸಿಗೂ ಗಣಕಕ್ಕೂ ಒಂದೇ ಎಂಬುದಷ್ಟೇ ಇಲ್ಲಿನ ತಾತ್ಪರ್ಯ. ಇಷ್ಟನ್ನು ತಿಳಿದ ಮಗುವಿಗೆ ಎಂಟು ಸ್ಥಾನಗಳಾದರೆ ೨೫೬ ಬಗೆಗಳೆಂಬುದು ತಾನಾಗಿ ಹೊಳೆಯುತ್ತದೆ. ಒಂದು ಸ್ಥಾನಕ್ಕೆ ಬಿಟ್ ಎಂದೂ ಎಂಟು ಸ್ಥಾನಗಳ ಕಟ್ಟಿಗೆ ಬೈಟ್ ಎಂದೂ ಗಣಕಶಾಸ್ತ್ರದಲ್ಲಿ ಹೆಸರು.

ಅಕ್ಷರಗಳ ಗತಿಯೂ ಹೀಗೆಯೇ. ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ಗೊತ್ತುಪಡಿಸುವ ಯೂನಿಕೋಡ್ ಎಂಬ ಪಟ್ಟಿಯಲ್ಲಿ ೧೯೯೧ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವಿದೆ. ಅದರಲ್ಲಿ ‘ಅ’ಕಾರದ ಸಂಖ್ಯೆ ೩೨೦೫, ‘ಕ’ಕಾರದ್ದು ೩೨೨೧. ದೂರವಾಣಿಯಲ್ಲಿ ‘ಕ’ ಎಂದು ಬರೆದು ಕಳುಹಿಸಿದರೆ ಹೋಗುವುದು ಅಕ್ಷರದ ಆಕೃತಿಯಲ್ಲ, ಈ ಸಂಖ್ಯೆಯನ್ನು ಹೇಳುವ ಮೂರು ಬೈಟುಗಳು: ೧೧೧೦೦೦೦೦ ೧೦೧೧೦೦೧೦ ೧೦೦೧೦೧೦೧. ‘ಕ್ಷ’ ಎಂಬ ಸಂಯುಕ್ತಾಕ್ಷರಕ್ಕೆ ಪ್ರತ್ಯೇಕ ಸಂಖ್ಯೆಯಿಲ್ಲ. ಕಕಾರ, ಸ್ವರವಿಲ್ಲವೆಂದು ತಿಳಿಸುವ ಚಿಹ್ನೆ, ಷಕಾರ ಎಂಬ ಮೂರು ಸಂಖ್ಯೆಗಳು ಸಾಲಾಗಿ ಹೋಗುತ್ತವೆ. ವ್ಯಾಕರಣದ ಪಾಠದಲ್ಲಿ ಒತ್ತಕ್ಷರವನ್ನು ಬಿಡಿಸಿ ಬರೆಯಲು ಕಲಿತ ಮಗುವು ಗಣಕವೂ ಹಾಗೆಯೇ ಬಿಡಿಸಿ ಇಟ್ಟುಕೊಳ್ಳುತ್ತದೆಂದು ಕೇಳಿದಾಗ ಎರಡು ಪಾಠಗಳೂ ಒಂದಕ್ಕೊಂದು ಆಸರೆಯಾಗುತ್ತವೆ. ಭಾಷಾ ಶಿಕ್ಷಕರು ಇದು ತಮ್ಮ ಹೊಲವಲ್ಲವೆಂದು ದೂರ ನಿಲ್ಲಬೇಕಾಗಿಲ್ಲ.

ಇಲ್ಲಿಗೆ ತಕ್ಕ ಪ್ರಯೋಗವೆಂದರೆ ಪಕ್ಕಪಕ್ಕದ ಎರಡು ಕೊಠಡಿಗಳ ನಡುವೆ ಜೋಡಿ ತಂತಿಯನ್ನು ಎಳೆದು ಒಂದು ಕಡೆ ಗುಂಡಿ, ಇನ್ನೊಂದು ಕಡೆ ದೀಪ ಇಡುವುದು. ೧೮೪೪ರಲ್ಲಿ ಮೋರ್ಸ್ ಮಹಾಶಯನು ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ಕಳುಹಿಸಿದುದೂ, ೧೮೫೦–೫೧ರಲ್ಲಿ ಕಲಕತ್ತಾ ಮತ್ತು ಡೈಮಂಡ್ ಹಾರ್ಬರ್ ನಡುವೆ ಭಾರತದ ಮೊದಲ ತಂತಿಮಾರ್ಗವು ಸಾಗಿಸಿದುದೂ ಇಂತಹ ಸಂಕೇತಗಳನ್ನೇ. ಭಾರತದಲ್ಲಿ ತಂತಿ ಸಂದೇಶದ ಸೇವೆಯು ೨೦೧೩ರ ಜುಲೈಯಲ್ಲಿ ನಿಂತಿತಾದರೂ ಅದರ ತತ್ತ್ವವು ಗಣಕಜಾಲದಲ್ಲಿ ಬದುಕಿದೆ. ಮಕ್ಕಳು ತಮ್ಮದೇ ಸಂಕೇತಪಟ್ಟಿಯನ್ನು ರಚಿಸಿ ಸಂದೇಶ ಕಳುಹಿಸಲು ತೊಡಗಿದ ಕೆಲವೇ ನಿಮಿಷಗಳಲ್ಲಿ ಗೊಂದಲ ಹುಟ್ಟುತ್ತದೆ. ಒಂದಕ್ಷರ ಮುಗಿದು ಮುಂದಿನದು ಎಲ್ಲಿ ಮೊದಲಾಯಿತು? ಕೇಳುವವನು ಸಿದ್ಧನಿದ್ದಾನೆಯೆ? ತಪ್ಪಾಗಿ ತಲುಪಿದ್ದನ್ನು ತಿಳಿಸುವುದು ಹೇಗೆ? ಈ ಗೊಂದಲವನ್ನು ಶಿಕ್ಷಕರು ಬೇಗನೆ ಬಗೆಹರಿಸಬಾರದು. ಮಕ್ಕಳೇ ಕುಳಿತು ನಿಯಮಗಳನ್ನು ಗೊತ್ತುಮಾಡಿಕೊಳ್ಳಲಿ. ಆಗ ಅವರು ಅರಿಯದೆಯೇ ಮೂರನೆಯ ಮೆಟ್ಟಿಲಿನ ಮೇಲೆ ಕಾಲಿಟ್ಟಿರುತ್ತಾರೆ.

ತಪ್ಪನ್ನು ಕಂಡುಹಿಡಿಯುವ ಬಗೆಗೆ ಸೊಗಸಾದ ಆಟವೊಂದುಂಟು. ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದಿಂದ ಪ್ರಚಾರಕ್ಕೆ ಬಂದ, ಗಣಕವಿಲ್ಲದೆಯೇ ಗಣಕಶಾಸ್ತ್ರವನ್ನು ಕಲಿಸುವ ‘ಸಿಎಸ್ ಅನ್‌ಪ್ಲಗ್ಡ್’ ಎಂಬ ಪಾಠಮಾಲೆಯಲ್ಲಿ ಅದು ಸೇರಿದೆ. ಒಂದು ಮುಖ ಬಿಳಿ, ಒಂದು ಮುಖ ಕೆಂಪು ಇರುವ ೨೫ ಕಾರ್ಡುಗಳನ್ನು ಐದೈದರ ಐದು ಸಾಲುಗಳಲ್ಲಿ ಮಗುವು ಮನಬಂದಂತೆ ಇಡುತ್ತದೆ. ಶಿಕ್ಷಕರು ಪ್ರತಿ ಅಡ್ಡಸಾಲಿಗೂ ಕಂಬಸಾಲಿಗೂ ಒಂದೊಂದು ಕಾರ್ಡನ್ನು ಸೇರಿಸಿ ಕೆಂಪಿನ ಎಣಿಕೆ ಎಲ್ಲೆಡೆಯೂ ಸಮಸಂಖ್ಯೆಯಾಗುವಂತೆ ಮಾಡಿ ಬೆನ್ನು ತಿರುಗಿಸುತ್ತಾರೆ. ಮಗುವು ಒಂದು ಕಾರ್ಡನ್ನು ಮಗುಚಿದರೆ ಒಂದು ಅಡ್ಡಸಾಲೂ ಒಂದು ಕಂಬಸಾಲೂ ಬೆಸವಾಗುತ್ತವೆ; ಅವೆರಡೂ ಕೂಡುವಲ್ಲಿಯೇ ಕಳ್ಳ ಕಾರ್ಡು. ದಾರಿಯಲ್ಲಿ ಕೆಟ್ಟ ಬಿಟ್ಟನ್ನು ಯಂತ್ರಗಳು ಪತ್ತೆ ಮಾಡುವುದರ ಮೂಲತತ್ತ್ವವನ್ನು ಮಕ್ಕಳು ಹೀಗೆ ನಗುನಗುತ್ತಲೇ ಕಲಿಯುತ್ತಾರೆ.

ಮೂರನೆಯ ಮೆಟ್ಟಿಲು: ಒಡಂಬಡಿಕೆ

ಜಾಲವೆಂದರೆ ಬರಿಯ ತಂತಿಗಳ ಹೆಣಿಗೆಯಲ್ಲ. ಒಬ್ಬರನ್ನೊಬ್ಬರು ಕಾಣದವರು ಒಪ್ಪಿಕೊಂಡ ನಿಯಮಗಳ ಹೆಣಿಗೆ. ಇದನ್ನು ತೋರಿಸಲು ಮೂವತ್ತು ಮಕ್ಕಳ ತರಗತಿಯೇ ಸಾಕು. ಮಕ್ಕಳು ಸಾಲುಸಾಲಾಗಿ ಕುಳಿತಿರಲಿ. ಪ್ರತಿಯೊಬ್ಬರೂ ತಮ್ಮ ಹಿಂದು ಮುಂದು, ಎಡ ಬಲದವರಿಗೆ ಮಾತ್ರ ಕಾರ್ಡನ್ನು ದಾಟಿಸಬಹುದು. ಒಂದು ಮೂಲೆಯ ಬಾಲಕಿಯು ಎದುರು ಮೂಲೆಯ ಬಾಲಕನಿಗೆ ‘ನಾಳೆ ಶನಿವಾರ ಬೆಳಗಿನ ಹೊತ್ತೇ ಶಾಲೆಗೆ ಬನ್ನಿ’ ಎಂದು ತಿಳಿಸಬೇಕಾಗಿದೆ. ಆಕೆಯು ಒಂದೊಂದು ಪದವನ್ನು ಒಂದೊಂದು ಕಾರ್ಡಿನಲ್ಲಿ ಬರೆದು, ಮೇಲೆ ಯಾರಿಂದ, ಯಾರಿಗೆ, ಆರರಲ್ಲಿ ಎಷ್ಟನೆಯದು ಎಂದು ನಮೂದಿಸಿ ಬೇರೆ ಬೇರೆ ನೆರೆಯವರ ಕೈಗೆ ಕೊಡುತ್ತಾಳೆ. ನಡುವೆ ಶಿಕ್ಷಕರು ಇಬ್ಬರ ಹೆಗಲನ್ನು ಮುಟ್ಟಿ ‘ನೀವು ಕೆಟ್ಟುಹೋದಿರಿ’ ಎನ್ನುತ್ತಾರೆ. ಕಾರ್ಡುಗಳು ಅವರನ್ನು ಬಳಸಿ ಬೇರೆ ದಾರಿ ಹಿಡಿಯುತ್ತವೆ. ಐದನೆಯದು ಎರಡನೆಯದಕ್ಕಿಂತ ಮೊದಲೇ ತಲುಪುತ್ತದೆ, ಮೂರನೆಯದು ಕಳೆದುಹೋಗುತ್ತದೆ. ಪಡೆದವನು ಸಂಖ್ಯೆಯ ಕ್ರಮದಲ್ಲಿ ಜೋಡಿಸಿ, ‘ಮೂರನೆಯದು ಬಂದಿಲ್ಲ, ಮತ್ತೆ ಕಳುಹಿಸು’ ಎಂದು ಚೀಟಿ ಅಟ್ಟುತ್ತಾನೆ. ಅಂತರ್ಜಾಲವು ಕೆಲಸ ಮಾಡುವುದು ಬಹುಮಟ್ಟಿಗೆ ಹೀಗೆಯೇ. ಆ ಕಾರ್ಡುಗಳಿಗೆ ಪ್ಯಾಕೆಟ್ ಎಂದು ಹೆಸರು. ದಾಟಿಸುವ ಮಕ್ಕಳ ಸ್ಥಾನದಲ್ಲಿ ರೌಟರ್ ಎಂಬ ಯಂತ್ರಗಳಿರುತ್ತವೆ.

ಈ ವಿಚಾರವನ್ನು ೧೯೬೦ರ ದಶಕದಲ್ಲಿ ಅಮೆರಿಕದ ಪಾಲ್ ಬ್ಯಾರನ್ ಮತ್ತು ಬ್ರಿಟನ್ನಿನ ಡೊನಾಲ್ಡ್ ಡೇವಿಸ್ ಬೇರೆ ಬೇರೆಯಾಗಿಯೇ ಕಂಡುಕೊಂಡರು. ೧೯೬೯ರ ಅಕ್ಟೋಬರ್ ೨೯ರಂದು ಅರ್ಪಾನೆಟ್ ಎಂಬ ಜಾಲದಲ್ಲಿ ಲಾಸ್ ಏಂಜಲಿಸ್ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಗೆ ಮೊದಲ ಸಂದೇಶವು ಹೊರಟಿತು. ಕಳುಹಿಸಬೇಕಾಗಿದ್ದುದು ‘ಲಾಗಿನ್’ ಎಂಬ ಐದು ಇಂಗ್ಲಿಷ್ ಅಕ್ಷರಗಳ ಪದ. ಎಲ್, ಓ ಎಂಬ ಎರಡಕ್ಷರಗಳು ತಲುಪುವಷ್ಟರಲ್ಲಿ ಆಚೆಯ ಗಣಕವು ಕೆಟ್ಟು ನಿಂತಿತು. ಸುಮಾರು ಒಂದು ಗಂಟೆಯ ಬಳಿಕ ಸರಿಪಡಿಸಿ ಪೂರ್ತಿ ಕಳುಹಿಸಿದರು. ತಮ್ಮ ಮಂಡಲವು ಮೊದಲ ಸಲಕ್ಕೆ ಉರಿಯದಿದ್ದಾಗ ಮುಖ ಬಾಡುವ ಮಕ್ಕಳಿಗೆ ಈ ಪ್ರಸಂಗವನ್ನು ಅವಶ್ಯವಾಗಿ ಹೇಳಬೇಕು. ಮುಂದೆ ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ ೧೯೭೪ರಲ್ಲಿ ಪ್ರಕಟಿಸಿದ ನಿಯಮಾವಳಿಯು ಬೆಳೆದು ೧೯೮೩ರ ಜನವರಿ ೧ರಿಂದ ಆ ಜಾಲದಲ್ಲಿ ಜಾರಿಗೆ ಬಂದಿತು. ಭಾರತದಲ್ಲಿ ೧೯೮೬ರಲ್ಲಿ ಆರಂಭವಾದ ಅರ್ನೆಟ್ ಯೋಜನೆಯು ಉನ್ನತ ವಿದ್ಯಾಸಂಸ್ಥೆಗಳನ್ನು ಜೋಡಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅವುಗಳಲ್ಲೊಂದು. ಜನಸಾಮಾನ್ಯರಿಗೆ ಅಂತರ್ಜಾಲ ದೊರೆತುದು ೧೯೯೫ರ ಆಗಸ್ಟ್ ೧೫ರಂದು.

ವಿಳಾಸದ ವಿಚಾರಕ್ಕೆ ಅಂಚೆಯ ಪಿನ್‌ಕೋಡಿಗಿಂತ ಉತ್ತಮ ನಿದರ್ಶನವಿಲ್ಲ. ೧೯೭೨ರ ಆಗಸ್ಟ್ ೧೫ರಂದು ಬಳಕೆಗೆ ಬಂದ ಈ ಆರಂಕಿಯ ಕ್ರಮವನ್ನು ರೂಪಿಸಿದವರು ಸಂಸ್ಕೃತ ಕವಿಯೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್ ಅವರು. ಮೊದಲಂಕಿ ೫ ಆಗಿದ್ದರೆ ಪತ್ರವು ಕರ್ನಾಟಕ, ಆಂಧ್ರ, ತೆಲಂಗಾಣಗಳ ಕಡೆಗೆ ಹೊರಡುತ್ತದೆ. ಉಳಿದ ಅಂಕಿಗಳು ಹಂತಹಂತವಾಗಿ ಅಂಚೆ ಕಚೇರಿಯವರೆಗೆ ಒಯ್ಯುತ್ತವೆ. ಗಣಕದ ಐಪಿ ವಿಳಾಸದಲ್ಲಿಯೂ ಮೊದಲ ಭಾಗವು ಜಾಲವನ್ನು, ಕೊನೆಯ ಭಾಗವು ಅದರೊಳಗಿನ ಯಂತ್ರವನ್ನು ಸೂಚಿಸುತ್ತದೆ. ಹಳೆಯ ಕ್ರಮದಲ್ಲಿ ಅದು ೦ಯಿಂದ ೨೫೫ರವರೆಗಿನ ನಾಲ್ಕು ಸಂಖ್ಯೆಗಳ ಸಾಲು. ೨೫೫ಕ್ಕೇ ಏಕೆ ನಿಂತಿತೆಂದು ಕೇಳಿದರೆ, ಎರಡನೆಯ ಮೆಟ್ಟಿಲನ್ನು ಏರಿದ ಮಗುವು ಒಂದು ಬೈಟಿನಲ್ಲಿ ಸೊನ್ನೆಯೂ ಸೇರಿ ೨೫೬ ಸಂಖ್ಯೆಗಳಷ್ಟೇ ಹಿಡಿಯುತ್ತವೆಂದು ತಾನೇ ಉತ್ತರಿಸುತ್ತದೆ. ನಾಲ್ಕು ಬೈಟುಗಳಿಂದ ಸುಮಾರು ೪೨೯ ಕೋಟಿ ವಿಳಾಸಗಳು. ೨೦೧೧ರ ಫೆಬ್ರವರಿಯಲ್ಲಿ ಅವುಗಳ ಕೇಂದ್ರ ಸಂಗ್ರಹವು ಬರಿದಾದುದರಿಂದ ೧೨೮ ಬಿಟ್ಟಿನ ಹೊಸ ವಿಳಾಸಗಳ ಬಳಕೆಯು ಹೆಚ್ಚುತ್ತಿದೆ.

ಈ ಆಟದಿಂದ ಇನ್ನೊಂದು ದೊಡ್ಡ ಪಾಠವು ತಾನಾಗಿಯೇ ಹೊರಡುತ್ತದೆ. ನಡುವೆ ಕುಳಿತ ಮಗುವು ಕಾರ್ಡನ್ನು ದಾಟಿಸುವ ಮುನ್ನ ಓದಿಬಿಟ್ಟರೆ? ಅಕ್ಷರವನ್ನು ಬದಲಿಸಿಬಿಟ್ಟರೆ? ಬೇರೊಬ್ಬರ ಹೆಸರಿನಲ್ಲಿ ಕಾರ್ಡು ಬರೆದರೆ? ಗುಪ್ತಲಿಪಿಯ ಅಗತ್ಯ, ಗುಪ್ತಪದವನ್ನು ಯಾರಿಗೂ ಹೇಳಬಾರದೆಂಬ ಎಚ್ಚರ, ಬಂದುದನ್ನೆಲ್ಲ ನಂಬಬಾರದೆಂಬ ವಿವೇಕ ಇವೆಲ್ಲವೂ ಆ ಒಂದು ಪ್ರಶ್ನೆಯಲ್ಲಿ ಅಡಗಿವೆ. ದೂರವಾಣಿಯ ವಂಚಕರಿಂದ ಮನೆಯ ಹಿರಿಯರು ಹಣ ಕಳೆದುಕೊಳ್ಳುತ್ತಿರುವ ಈ ದಿನಗಳಲ್ಲಿ, ಹೀಗೆ ಕಲಿತ ಮಗುವು ಮನೆಗೊಂದು ಕಾವಲಾಗುತ್ತದೆ.

ಸಾಧನ, ಶಿಕ್ಷಕ, ದಾನಿ

ಮೂರು ಮೆಟ್ಟಿಲುಗಳನ್ನು ಏರಿದ ಬಳಿಕ ಯಂತ್ರವು ಬರಲಿ. ಬ್ರಿಟನ್ನಿನಲ್ಲಿ ಬಿಬಿಸಿ ಸಂಸ್ಥೆಯ ನೇತೃತ್ವದಲ್ಲಿ ೨೦೧೬ರಲ್ಲಿ ಹನ್ನೊಂದು ಹನ್ನೆರಡರ ವಯಸ್ಸಿನ ಸುಮಾರು ಹತ್ತು ಲಕ್ಷ ಮಕ್ಕಳಿಗೆ ‘ಮೈಕ್ರೋಬಿಟ್’ ಎಂಬ ಚಿಕ್ಕ ಗಣಕಫಲಕವನ್ನು ಉಚಿತವಾಗಿ ಹಂಚಲಾಯಿತು. ಅದರಲ್ಲಿ ೨೫ ಕಿರುದೀಪಗಳು, ಎರಡು ಗುಂಡಿಗಳು, ನಿಸ್ತಂತು ರೇಡಿಯೋ ಇವೆ. ಎರಡು ಫಲಕಗಳು ತಮ್ಮೊಳಗೆ ಸಂದೇಶಗಳನ್ನು ವಿನಿಮಯ ಮಾಡಿಕೊಳ್ಳಬಲ್ಲವು. ಭಾರತದಲ್ಲಿ ೨೦೧೬ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಯೋಜನೆಯು ೬ರಿಂದ ೧೨ನೆಯ ತರಗತಿಯವರೆಗಿನ ಮಕ್ಕಳಿಗಾಗಿ ಆಯ್ದ ಶಾಲೆಗಳಿಗೆ ೨೦ ಲಕ್ಷ ರೂಪಾಯಿಗಳವರೆಗೆ ಅನುದಾನವನ್ನು ಒದಗಿಸಿತು. ಇವೆಲ್ಲ ಸ್ವಾಗತಾರ್ಹವೇ. ಆದರೆ ಹಿಂದಿನ ಮೆಟ್ಟಿಲುಗಳಿಲ್ಲದೆ ಬಂದ ಯಂತ್ರವು ಪ್ರದರ್ಶನದ ವಸ್ತುವಾಗುತ್ತದೆ.

ಬೋಧನೆಯಲ್ಲಿ ಗಮನಿಸಬೇಕಾದ ಎರಡು ಸಂಗತಿಗಳುಂಟು. ಗುಂಪಿನಲ್ಲಿ ಪ್ರಯೋಗ ನಡೆಯುವಾಗ ಹುಡುಗರು ತಂತಿಯನ್ನು ಹಿಡಿದು ಹುಡುಗಿಯರ ಕೈಗೆ ಲೇಖನಿಯನ್ನು ಕೊಡುವುದು ಸಾಮಾನ್ಯ. ಶಿಕ್ಷಕರು ಸರದಿಯನ್ನು ಗೊತ್ತುಪಡಿಸಿ ಪ್ರತಿ ಮಗುವಿನ ಬೆರಳೂ ತಂತಿಯನ್ನು ಮುಟ್ಟುವಂತೆ ನೋಡಿಕೊಳ್ಳಬೇಕು. ಎರಡನೆಯದು ಪರೀಕ್ಷೆ. ‘ವಿಸ್ತರಿಸಿ ಬರೆಯಿರಿ’ ಎಂಬ ಪ್ರಶ್ನೆಗೆ ಬದಲಾಗಿ ಉರಿಯದ ಒಂದು ಮಂಡಲವನ್ನು ಮುಂದಿಟ್ಟು ದೋಷವನ್ನು ಹುಡುಕೆನ್ನಬೇಕು. ದೋಷವನ್ನು ಹುಡುಕಬಲ್ಲವನೇ ತಿಳಿದವನು.

ಇನ್ನು ಹಣದ ಮಾತು. ಒಂದು ಗಣಕಯಂತ್ರದ ಬೆಲೆಯಲ್ಲಿ ಇಡೀ ತರಗತಿಗೆ ಸೆಲ್ಲು, ತಂತಿ, ಎಲ್‌ಇಡಿ, ರೋಧಕ, ಟ್ರಾನ್ಸಿಸ್ಟರುಗಳನ್ನು ಒದಗಿಸಬಹುದು. ಆದರೆ ಅವು ಖರ್ಚಾಗುವ ವಸ್ತುಗಳು. ಸೆಲ್ಲು ಬತ್ತುತ್ತದೆ, ದೀಪ ಸುಡುತ್ತದೆ. ಪ್ರತಿ ಜೂನಿನಲ್ಲಿಯೂ ಹೊಸದಾಗಿ ಕೊಳ್ಳಬೇಕು. ಕಟ್ಟಡಕ್ಕೆ ಕೊಟ್ಟವರ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ. ಸೆಲ್ಲಿಗೆ ಕೊಟ್ಟವರ ಹೆಸರು ಎಲ್ಲಿಯೂ ಕಾಣದು. ಅದರಿಂದಲೇ ಕೊಠಡಿಗಳು ಏಳುತ್ತವೆ, ಪ್ರಯೋಗಗಳು ನಿಲ್ಲುತ್ತವೆ. ಚಿಕ್ಕದೊಂದು ನಿಧಿಯನ್ನು ಸ್ಥಾಪಿಸಿ ಅದರ ಬಡ್ಡಿಯಿಂದ ವರ್ಷವರ್ಷವೂ ಈ ವೆಚ್ಚವು ನಡೆಯುವಂತೆ ಮಾಡುವ ದಾನಿಯು ಕಟ್ಟಡದ ದಾನಿಗಿಂತ ಕಡಿಮೆಯವನಲ್ಲ. ಹಳೆಯ ವಿದ್ಯಾರ್ಥಿಗಳಲ್ಲಿ ಇಂಜಿನಿಯರುಗಳಿರುವಂತೆ ಮೊಬೈಲು ರಿಪೇರಿಯ ಅಂಗಡಿಯವರೂ ವಿದ್ಯುತ್ ಕೆಲಸಗಾರರೂ ಇದ್ದಾರೆ. ತಿಂಗಳಿಗೊಂದು ಶನಿವಾರ ಅವರು ಬಂದು ಮಕ್ಕಳೊಡನೆ ಕುಳಿತರೆ ಯಾವ ಪಠ್ಯಪುಸ್ತಕವೂ ಕೊಡಲಾರದ ಕೈಗುಣವು ಶಾಲೆಗೆ ದೊರೆಯುತ್ತದೆ.

ಈ ಪಾಠಗಳಿಂದ ಎಲ್ಲ ಮಕ್ಕಳೂ ಇಂಜಿನಿಯರುಗಳಾಗಬೇಕೆಂದಿಲ್ಲ. ಪದ್ಯಕ್ಕೆ ಪ್ರಸ್ತಾರ ಹಾಕಿದವರೆಲ್ಲ ಕವಿಗಳಾಗಲಿಲ್ಲ. ಆದರೆ ಛಂದಸ್ಸನ್ನು ಅರಿತವನು ಪದ್ಯವನ್ನು ಬೇರೆಯೇ ಕಿವಿಯಿಂದ ಕೇಳುತ್ತಾನೆ. ಹಾಗೆಯೇ ತನ್ನ ಕೈಯಿಂದ ಒಂದು ದೀಪವನ್ನು ಹೊತ್ತಿಸಿ, ಆ ದೀಪದಿಂದ ಒಂದು ಅಕ್ಷರವನ್ನು ಕಳುಹಿಸಿ, ಆ ಅಕ್ಷರವನ್ನು ಹತ್ತು ಕೈಗಳ ಮೂಲಕ ಗೆಳೆಯನಿಗೆ ಮುಟ್ಟಿಸಿದ ಮಗುವು ಲೋಕದ ಈ ಮಹಾಜಾಲವನ್ನು ಬೇರೆಯೇ ಕಣ್ಣಿನಿಂದ ನೋಡುತ್ತದೆ. ಅಂತಹ ಕಣ್ಣು ಹಳ್ಳಿಯ ಬಡ ಮಗುವಿಗೂ ಲಭಿಸಬೇಕು. ಅದಕ್ಕೆ ಬೇಕಾದ ಮೊದಲ ಬಂಡವಾಳ ಒಂದು ಸೆಲ್ಲು, ಒಂದು ಬಲ್ಬು, ಒಂದು ತುಂಡು ತಂತಿ ಮತ್ತು ಮಗುವು ತಪ್ಪು ಮಾಡುವಾಗ ಸುಮ್ಮನಿರಬಲ್ಲ ಒಬ್ಬ ತಾಳ್ಮೆಯ ಶಿಕ್ಷಕ.